ಅಕ್ಕ ಬರೆದ ಹಂದಿಯ ಚಿತ್ರ

ಮಕ್ಕಳೇ, ನಾನು ಚಿಕ್ಕವನಿದ್ದಾಗ ನಡೆದ ಒಂದು ಸಂಗತಿಯನ್ನು ನಿಮಗೆ ಹೇಳದೆ ಇಷ್ಟು ವರ್ಷ ತಳ್ಳಿಕೊಂಡು ಬಂದೆ. ಆನೆ ಅಟ್ಟಿಸಿಕೊಂಡು ಬಂದದ್ದು, ಹೊಳೆಯಲ್ಲಿ ಕೊಚ್ಚಿಹೋಗಿ ಬದುಕಿದ್ದು ಎಲ್ಲ ಹೇಳಿದ್ದೇನೆ. ಆ ಕಥೆಗಳಲ್ಲಿ ನಾನು ಧೈರ್ಯಶಾಲಿ. ಇದರಲ್ಲಿ ಅಲ್ಲ. ಅದಕ್ಕೇ ‘ಇನ್ನೊಂದಿನ ಹೇಳ್ತೀನಿ’ ಅನ್ನುತ್ತಿದ್ದೆ.

ನನಗಾಗ ಒಂಬತ್ತು ವರ್ಷ, ಅಕ್ಕನಿಗೆ ಹದಿನೈದು. ಹೆತ್ತೂರಿನ ಆಚೆ ಒಂದು ಎಸ್ಟೇಟಿನಲ್ಲಿ ಅಪ್ಪ ಲೆಕ್ಕ ಬರೆಯುವ ರೈಟರ್ ಆಗಿದ್ದ. ಕಾಫಿ ಮೂಟೆ ಪೇರಿಸುವ ಸ್ಟೋರಿನ ಅಟ್ಟದಲ್ಲಿ, ಕಿಟಕಿಯ ಕೆಳಗೆ, ಅಕ್ಕ ಚಿತ್ರ ಬರೆಯುತ್ತಿದ್ದಳು. ಡ್ರಾಯಿಂಗ್ ಮೇಷ್ಟ್ರು ಕೊಟ್ಟಿದ್ದ ತಗಡಿನ ಬಣ್ಣದ ಡಬ್ಬಿ, ಒಂದೇ ಒಂದು ಕುಂಚ, ನೀರಿಗೆ ಎರಡು ತೆಂಗಿನ ಚಿಪ್ಪು, ಒಂದು ಹಲಗೆ. ಇಷ್ಟೇ ಅವಳ ಆಸ್ತಿ. ಅಟ್ಟದ ತುಂಬ ಒಣ ಕಾಫಿಯ ಹುಳಿ ವಾಸನೆ, ಗೋಣಿಯ ದೂಳು.

ಅಕ್ಕ ಬರೆಯುವುದಕ್ಕಿಂತ ನೋಡುವುದೇ ಹೆಚ್ಚು. ಮರಕ್ಕೆ ಹತ್ತಿದ ಪಾಚಿ, ಸೀಳಿದ ಹಲಸು, ಗಿಡುಗ ಕಚ್ಚಿ ಬೀಳಿಸಿದ ಕೋಳಿಮರಿ, ಏನು ಕಂಡರೂ ಅದರ ಮುಂದೆ ನಿಂತುಬಿಡುತ್ತಿದ್ದಳು. ಆಮೇಲೆ ಹಾಳೆಯನ್ನು ನೆನೆಸಿ, ಅಂಚಿಗೆ ಗಂಜಿ ಹಚ್ಚಿ ಹಲಗೆಗೆ ಅಂಟಿಸುತ್ತಿದ್ದಳು. ಒದ್ದೆ ಹಾಳೆಗೆ ಬಣ್ಣ ತಾಗಿಸಿ ಹಲಗೆಯನ್ನು ಓರೆ ಮಾಡಿದರೆ, ಬಣ್ಣ ತಾನೇ ಹರಿದು ಗುಡ್ಡವಾಗುತ್ತಿತ್ತು, ಮಂಜಾಗುತ್ತಿತ್ತು. ಅವಳ ಡಬ್ಬಿಯಲ್ಲಿ ಬಿಳಿ ಇರಲಿಲ್ಲ. ಬಿಳಿ ಬೇಕಾದ ಕಡೆ ಹಾಳೆಯನ್ನು ಮುಟ್ಟದೆ ಹಾಗೇ ಬಿಡುತ್ತಿದ್ದಳು. ನಮ್ಮ ಥಂಡಿಗೆ ಹಾಳೆ ಬೇಗ ಆರುತ್ತಿರಲಿಲ್ಲ. ಕೆಂಡ ತುಂಬಿದ ಇಸ್ತ್ರಿ ಪೆಟ್ಟಿಗೆಯನ್ನು ಹತ್ತಿರ ಹಿಡಿದು ಕಾಯಿಸಿ, ಮೇಲೊಂದು ತೆಳು ಬಣ್ಣ ಎಳೆಯುತ್ತಿದ್ದಳು.

ಭತ್ತ ತೆನೆ ಬಿಟ್ಟ ಕಾಲ ಅದು. ಗದ್ದೆಗೆ ನುಗ್ಗುತ್ತಿದ್ದ ಕಾಡುಹಂದಿಯನ್ನು ಅಪ್ಪ ಒಂದು ಬೆಳಿಗ್ಗೆ ಹೊಡೆದ. ಅವನೂ ಒಬ್ಬ ಆಳೂ ಅದನ್ನು ದೊಣ್ಣೆಗೆ ಕಟ್ಟಿ ಹೊತ್ತು ತಂದು ಅಂಗಳದಲ್ಲಿ ಧೊಪ್ಪನೆ ಕೆಡವಿದರು. ನಾನು ಕುಣಿದಾಡಿದೆ. ಅದರ ಬೆನ್ನು ಮುಟ್ಟಿದೆ, ಗುಂಡು ಹೊಕ್ಕ ತೂತಿಗೆ ಕಡ್ಡಿ ಹಾಕಿ ನೋಡಿದೆ. ಅಕ್ಕ ಮಾತ್ರ ಹೊಟ್ಟೆಯ ಕಡೆ ನಿಂತು ನೋಡುತ್ತಿದ್ದಳು. ಅಪ್ಪ ಅದರ ಹೊಟ್ಟೆಯ ಮೇಲೆ ಗೋಣಿ ಎಸೆದು, “ಏನ್ ನೋಡ್ತೀಯೆ? ಸುಡಾಕೆ ಹುಲ್ಲು ತತ್ತಾ ಹೋಗು” ಎಂದು ಗದರಿದ. ಅವಳು ಹುಲ್ಲು ತಂದು ಹಾಕಿ ಸೀದಾ ಅಟ್ಟ ಹತ್ತಿದಳು.

ಅಪ್ಪ ಅವಸರದಲ್ಲಿ ಹಂದಿಯನ್ನು ಸುಟ್ಟು, ಕೂದಲು ಹೆರೆದು, ಕತ್ತಿಯಿಂದ ಕಡಿದು ತುಂಡು ಮಾಡಿದ. ಪಾಲು ತೆಗೆದುಕೊಳ್ಳಲು ಊರಿನವರು ಬರುವ ಹೊತ್ತಿಗೆ ಬಾಳೆಯೆಲೆಯ ಮೇಲೆ ಬರೀ ಮಾಂಸದ ಗುಡ್ಡೆಗಳಿದ್ದವು. “ಒಂಟಿ ಗಂಡುಹಂದಿ ಕಣ್ರಪ್ಪಾ. ಇಷ್ಟುದ್ದ ಕೋರೆ! ಸೀದಾ ನನ್ ಮ್ಯಾಲೇ ನುಗ್ಬುಡ್ತು” ಎಂದು ಅಪ್ಪ ಕೈ ಬೀಸಿ ಹೇಳುತ್ತಿದ್ದ. ಒಬ್ಬ ಮುದುಕ, “ಕೋರೆ ಎಲ್ಲೈತೋ? ಕಾಣಾಕಿಲ್ವಲ್ಲ” ಅಂದ. ಅಪ್ಪನನ್ನು ಅನುಮಾನಿಸಿದರಲ್ಲ ಎಂದು ನನಗೆ ಉರಿದುಹೋಯಿತು.

ಅಟ್ಟಕ್ಕೆ ಓಡಿದೆ. ಅಕ್ಕ ಕೆಂಡ ತರಲು ಹೋಗಿದ್ದಳು. ಹಲಗೆಯ ಮೇಲೆ ಹಂದಿ ಇಡಿಯಾಗಿ ಮಲಗಿತ್ತು, ಇನ್ನೂ ಹಸಿಹಸಿ. ಎಷ್ಟು ದೊಡ್ಡ ಪ್ರಾಣಿ ಎಂದು ಎಲ್ಲರಿಗೂ ಕಾಣಲಿ ಎಂದು ಹಲಗೆ ಸಮೇತ ಎತ್ತಿಕೊಂಡು ಅಂಗಳಕ್ಕೆ ಬಂದೆ.

ಮುದುಕ ಚಿತ್ರವನ್ನು ಕಣ್ಣಿನ ಹತ್ತಿರ ಹಿಡಿದ. ಆಮೇಲೆ ಹೋ ಎಂದು ನಕ್ಕ. “ಏನ್ ಮಾರಾಯ, ನಿನ್ ಗಂಡುಹಂದಿಗೆ ಕೆಚ್ಚಲು ಇಳಿದೈತೆ! ಹಾಲ್ ಕರ್ಕಂಡ್ ಬರ್ಲಿಲ್ವಾ?”

ಆಗ ನಾನೂ ನೋಡಿದೆ. ಹೊಟ್ಟೆಯುದ್ದಕ್ಕೂ ಬಾತ ಮೊಲೆಗಳು. ಕೆಂಪು ಬಣ್ಣ ಹರಡಿದ ನೆಲದ ಮೇಲೆ ಅಕ್ಕ ಹಾಳೆಯನ್ನು ಬಿಳಿಯಾಗಿ ಬಿಟ್ಟ ನಾಲ್ಕು ಹನಿ ಹಾಲು. ಮರಿಗಳಿಗೆ ಹಾಲೂಡುವ ಹಂದಿಯನ್ನು ಹೊಡೆಯುವುದು ನಮ್ಮ ಕಡೆ ಬೇಟೆಗಾರರಿಗೆ ನಾಚಿಕೆಗೇಡು. ನೆರೆದವರೆಲ್ಲ ನಗತೊಡಗಿದರು.

ಅಪ್ಪ ಕತ್ತಿ ಹಿಡಿದೇ ನನ್ನ ಕಡೆ ತಿರುಗಿದ. “ಯಾರ್ಲಾ ಇದನ್ನ ತರಾಕೆ ಹೇಳಿದ್ದು?”

“ಅಕ್ಕ” ಎಂದೆ. “ಎಲ್ರಿಗೂ ತೋರ್ಸು ಅಂದ್ಲು.”

ಅಕ್ಕ ಇಸ್ತ್ರಿ ಪೆಟ್ಟಿಗೆ ಹಿಡಿದು ಸ್ಟೋರಿನ ಬಾಗಿಲಿಗೆ ಬಂದಿದ್ದಳು. ನನ್ನ ಮಾತು ಅವಳಿಗೆ ಕೇಳಿಸಿತು. ಅಪ್ಪ ಕತ್ತಿ ಬಿಸುಟು, ಕಾಫಿ ಗಿಡದ ಗಟ್ಟಿ ಕೋಲು ಎತ್ತಿಕೊಂಡು, ಅವಳ ಜಡೆ ಹಿಡಿದು ಅಂಗಳಕ್ಕೆ ಎಳೆದ. ಕೆಂಡ ಚೆಲ್ಲಿ ಅವಳ ಕಾಲು ಸುಟ್ಟಿತು. ಬೆನ್ನಿಗೆ, ತೋಳಿಗೆ ಬಾರಿಸಿ, ಕೊನೆಗೆ ಅವಳ ಬಲಗೈಯನ್ನು ಮಾಂಸ ಕಡಿಯುವ ಮರದ ತುಂಡಿನ ಮೇಲೆ ಒತ್ತಿ ಹಿಡಿದು ಬೆರಳುಗಳ ಮೇಲೆ ಹೊಡೆದ. ಲಟಕ್ಕೆಂದ ಸದ್ದು ನನಗೆ ಕೇಳಿಸಿತು.

“ನಾನ್ ಕಂಡಿದ್ದನ್ನ ಬರ್ದೆ ಕಣಪ್ಪಾ” ಎಂದಳು. ಅಷ್ಟೇ. ಆಮೇಲೆ ನನ್ನ ಮುಖ ನೋಡಿದಳು. ‘ಅವನು ಸುಳ್ಳು ಹೇಳ್ತಾನೆ’ ಎಂದು ಹೇಳಬಹುದಿತ್ತು. ಹೇಳಲಿಲ್ಲ. ನಾನು ನೆಲ ನೋಡುತ್ತ ನಿಂತೆ. ಆಗ ನಗುತ್ತಿದ್ದವರಲ್ಲಿ ಒಬ್ಬ, “ಬುಡಣ್ಣ, ಹೆಣ್ ಮಗ ಅದು” ಎಂದು ಗೊಣಗಿ, ತನ್ನ ಪಾಲಿನ ಪೊಟ್ಟಣ ಎತ್ತಿಕೊಂಡು ಹೊರಟ. ಚಿತ್ರವನ್ನು ಅಪ್ಪ ಹುಲ್ಲಿನ ಬೆಂಕಿಗೆ ಹಾಕಿದ. ಹಸಿಯಾಗಿದ್ದರಿಂದ ಅದು ಬೇಗ ಹೊತ್ತಿಕೊಳ್ಳಲಿಲ್ಲ.

ಮಧ್ಯಾಹ್ನ ಅವ್ವ ಹಂದಿ ಸಾರು ಬಡಿಸಿದಳು. ನಾನು ಎರಡು ಸಲ ಹಾಕಿಸಿಕೊಂಡು ತಿಂದೆ. ಇದನ್ನೂ ಮುಚ್ಚಿಡದೆ ಬರೆಯುತ್ತಿದ್ದೇನೆ.

ಅಕ್ಕನ ಎರಡು ಬೆರಳು ಮತ್ತೆ ಮಡಚಲಿಲ್ಲ. ಸೌಟು ಹಿಡಿಯುತ್ತಿದ್ದಳು, ಕುಂಚ ಜಾರುತ್ತಿತ್ತು. ಕೆಲವು ದಿನ ಎಡಗೈಯಲ್ಲಿ ಪ್ರಯತ್ನಿಸಿ ಬಿಟ್ಟಳು. ಯಸಳೂರಿಗೆ ಮದುವೆಯಾಗಿ ಹೋದಮೇಲೆ ಪ್ರತಿ ಗೌರಿ ಹಬ್ಬಕ್ಕೆ ತವರಿನ ಬಾಗಿನ ಹೊತ್ತುಕೊಂಡು ಹೋಗುತ್ತಿದ್ದವನು ನಾನೇ. ಆ ಸೊಟ್ಟ ಬೆರಳಿನ ಕೈಯೇ ನನಗೆ ಊಟ ಬಡಿಸುತ್ತಿತ್ತು. ಪ್ರತಿ ವರ್ಷ ಬಸ್ಸಿನಲ್ಲಿ ತಪ್ಪೊಪ್ಪಿಕೊಳ್ಳುವ ಮಾತು ಜೋಡಿಸಿಕೊಂಡು ಹೋಗುತ್ತಿದ್ದೆ, ಊಟ ಮಾಡಿ ಸುಮ್ಮನೆ ಎದ್ದು ಬರುತ್ತಿದ್ದೆ. ಹೋದ ವರ್ಷ ಅವಳು ತೀರಿಕೊಂಡಳು.

ಮಕ್ಕಳೇ, ನೀವು ಬರೆದ ಚಿತ್ರಗಳನ್ನು ನಿಮ್ಮಮ್ಮ ಫ್ರಿಜ್ಜಿಗೆ ಅಂಟಿಸುತ್ತಾಳೆ, ಫೋಟೋ ತೆಗೆದು ನೆಂಟರಿಗೆಲ್ಲ ಕಳಿಸುತ್ತಾಳೆ. ಲೋಟ ಒಡೆದರೆ ‘ನಾನೇ ಒಡೆದಿದ್ದು’ ಎಂದು ನೀವು ಓಡಿ ಬಂದು ಹೇಳುತ್ತೀರಿ. ಈ ಮನೆಯಲ್ಲಿ ಯಾರೂ ಕೋಲು ಎತ್ತುವುದಿಲ್ಲ, ಅದಕ್ಕೇ ನಿಮಗೆ ಅದು ಸಲೀಸು. ನನ್ನ ಮನೆ ಹಾಗಿರಲಿಲ್ಲ ನಿಜ. ಆದರೆ ಅಪ್ಪ ಸತ್ತು ಎಷ್ಟೋ ವರ್ಷವಾದ ಮೇಲೂ ನಾನು ಬಾಯಿ ಬಿಡಲಿಲ್ಲವಲ್ಲ, ಆಗ ನನ್ನ ಮೇಲೆ ಯಾವ ಕೋಲು ಇತ್ತು?

ಚಿತ್ರವನ್ನು ಹೊರಗೆ ತಂದವನು ನಾನು. ಅವಳು ಹೇಳಿರಲಿಲ್ಲ. ನಿಮಗೆ ಅವಳು ಬರೀ ಯಸಳೂರಜ್ಜಿ, ನನಗೆ ಬರೀ ಅಕ್ಕ. ಅವಳ ಹೆಸರು ಸರೋಜ.