ಕಸ್ತೂರಿ ಮುಟ್ಟದ ಗುಂಡಿ

ಓದುವವರಿಗೆಲ್ಲ ನಮಸ್ಕಾರ. ನಾನು ಮರಾಠಿ ಸಾಲಿಯಲ್ಲಿ ಓದಿದವನು, ಕನ್ನಡ ಬರೆಯಲು ಕಲಿತದ್ದು ತಲೆ ನರೆತ ಮೇಲೆ. ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಿದ್ದೇನೆ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಅಕ್ಷರದ ತಪ್ಪನ್ನು ಮಾತ್ರ. ಇನ್ನೊಂದು ತಪ್ಪಿದೆ — ನಾನು ಅಳಿಸಿದ ಹಾಡಿಗೆ ಒಬ್ಬ ಹೆಣ್ಣುಮಗಳ ಕೈಯನ್ನು ಹೊಣೆ ಮಾಡಿದೆ.

ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿತ್ತು. ಸೊಲ್ಲಾಪುರದ ನವಿ ಪೇಠದ ಒಂದು ರೇಡಿಯೋ ಅಂಗಡಿಯಲ್ಲಿ ರಿಪೇರಿ ಮಾಡುತ್ತಿದ್ದೆ. ಸಲಗರ ಬುದ್ರುಕದಿಂದ ಮಾಳಪ್ಪ ಬಂದ — ಕುರಿ ಸಾಕುವವ, ಬೀರೋಬಾ ದೇವರ ಡೊಳ್ಳಿನ ಮೇಳದವ. ಕೈಯಲ್ಲಿ ಹಾಡು ತುಂಬಿಸಿ ಕೇಳುವ ಪುಟ್ಟ ಡಬ್ಬಿ, ಮಸ್ಕತ್‌ನಲ್ಲಿದ್ದ ತಮ್ಮ ಕಳಿಸಿದ್ದು. ಯಾವ ಗುಂಡಿ ಒತ್ತಿದರೂ ಏಳುತ್ತಿರಲಿಲ್ಲ.

"ಇದರಾಗ ನಮ್ಮ ಮಾವನ ಹಾಡು ಅದಾವ್ರಿ. ನಮ್ಮಾಕಿ ಕಸ್ತೂರಿ ತನ್ನ ಅಪ್ಪನ ಮುಂದ ಕುಂತು ತುಂಬಿಸ್ಯಾಳ. ಈಗ ಮಾವನ ಗಂಟಲ ಆಪರೇಶನ್ ಆಗೇದ, ದನಿನ ಇಲ್ಲ. ಹಾಡಿಗಿ ಏನೂ ಆಗಬಾರದ ನೋಡ್ರಿ."

"ಕಾಳಜಿ ಬಿಡೋ ಮಾಮಾ," ಎಂದೆ.

ಡಬ್ಬಿಯ ಜೊತೆಗಿದ್ದ ಪುಸ್ತಕದಲ್ಲಿ ದಾರಿ ಬರೆದಿತ್ತು. ಒಂದು ಗುಂಡಿ ಅದುಮಿ ಹಿಡಿದೇ ಸೆಲ್ ಹಾಕಿದರೆ ಪರದೆಯ ಮೇಲೆ 'ರಿಕವರಿ' ಎಂದು ಬರುತ್ತದೆ. ಆಮೇಲೆ ಕಂಪ್ಯೂಟರಿನಿಂದ ಮೂಲ ಪ್ರೋಗ್ರಾಮನ್ನು ಹೊಸದಾಗಿ ತುಂಬಬೇಕು. ಒಳಗಿದ್ದದ್ದೆಲ್ಲ ಅಳಿಯುತ್ತದೆ ಎಂದೂ ಬರೆದಿತ್ತು. ಓದಿದ್ದೆ — ಇಲ್ಲವೆನ್ನಲಾರೆ. ಪುಣೆಯ ದೊಡ್ಡ ರಿಪೇರಿ ಅಂಗಡಿಗೆ ಕಳಿಸಿದ್ದರೆ ಹಾಡು ಉಳಿಯುತ್ತಿತ್ತೋ ಏನೋ... ಒತ್ತಲೋ ಬೇಡವೋ ಎಂದು ಅವನನ್ನು ಕೇಳಬಹುದಿತ್ತು. ಅಂಗಡಿ ತುಂಬ ಗಿರಾಕಿ, ನನ್ನ ತಲೆ ತುಂಬ ಸೊಕ್ಕು. ಒತ್ತಿದೆ.

ಡಬ್ಬಿ ಎದ್ದಿತು. ಹಾಡಿರಲಿಲ್ಲ. ಮಾಳಪ್ಪ ಡಬ್ಬಿಯ ಕೇಳುವ ತಂತಿಯನ್ನು ಕಿವಿಗೆ ಹಚ್ಚಿಕೊಂಡು ನಿಂತೇ ಇದ್ದ —

ಆಗ ನಾನಂದೆ: "ಮನ್ಯಾಗ ಹೆಂಗಸರು ಯಾರರ ಕೈ ಹಚ್ಚಿದ್ರೇನು?"

ಇದು ನಮ್ಮ ಧಂದೆಯ ಮೊದಲ ಪಾಠ! ಟಿವಿ ಸುಡಲಿ, ಟೇಪು ಸಿಕ್ಕಿಕೊಳ್ಳಲಿ, ಮನೆಯ ಹೆಣ್ಣಿನ ಮೇಲೆ ಹಾಕು, ಗಿರಾಕಿ ನಂಬುತ್ತಾನೆ. ಥೂ, ಎಷ್ಟು ಸಲೀಸಾಗಿ ನಂಬುತ್ತಾನೆ!

"ಹೆಣ್ಮಕ್ಕಳ ಕೈಯಾಗ ಲಟ್ಟಣಿಗಿ ಕೊಡಬೇಕೋ ಮಾಮಾ, ಮಶೀನ್ ಅಲ್ಲ!" ಎಂದ ಬೆಂಚಿನ ಮೇಲೆ ಕುಳಿತಿದ್ದವನೊಬ್ಬ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಮಾಳಪ್ಪ ನಗಲಿಲ್ಲ. "ಆಕಿನ ಮುಟ್ಟಿರಬೇಕ್ರಿ," ಎಂದು ಡಬ್ಬಿ ತೆಗೆದುಕೊಂಡು ಹೋದ.

ಹೋದ ವರ್ಷ ಅಕ್ಕಲಕೋಟದ ನನ್ನ ಮೊಬೈಲ್ ಅಂಗಡಿಗೆ ಮಾಳಪ್ಪ, ಕಸ್ತೂರಿ ಗಂಡ-ಹೆಂಡತಿ ಇಬ್ಬರೂ ಬಂದರು. ಅವನಿಗೆ ನನ್ನ ಗುರುತು ಹತ್ತಲಿಲ್ಲ. ಹೆಸರು, ಊರು ಕೇಳಿದ ಕೂಡಲೇ ನನಗೆ ಹತ್ತಿತು. ಮಗಳು ಕೊಡಿಸಿದ ಫೋನನ್ನು ಕಸ್ತೂರಿಯ ಮುಂದೆ ಹಿಡಿದು, "ಬೆರಳ ಇಡ್ರಿ ಅಕ್ಕಾರ, ಗುರುತ ತುಂಬತೀನಿ, ಆಮ್ಯಾಗ ಮುಟ್ಟಿದ್ರ ಲಾಕ್ ತೆಗೀತದ," ಎಂದೆ. ಆಕೆ ಎರಡೂ ಕೈ ಸೆರಗಿನೊಳಗೆ ಎಳೆದುಕೊಂಡಳು.

"ನಾ ಮುಟ್ಟಂಗಿಲ್ರಿ. ಈ ಕೈ ಹಚ್ಚಿದ್ದಕ್ಕ ಅಪ್ಪನ ಹಾಡೆಲ್ಲಾ ಹೋದಾವು."

"ಖರೇ ಅದರಿ," ಎಂದ ಮಾಳಪ್ಪ.

ಆಕೆಯೂ ನಂಬಿಬಿಟ್ಟಿದ್ದಳು. ನನ್ನ ಎದುರಿಗೇ ನಿಂತಿದ್ದಳು. ನಾನು — ಆಗಲೂ ಬಾಯಿ ಬಿಡಲಿಲ್ಲ.

ಕಸ್ತೂರಿ ಅಕ್ಕಾ, ನಿಮ್ಮ ಕೈ ಏನೂ ಮಾಡಿಲ್ಲ. ಆ ಹಾಡು ತುಂಬಿಸಿದ್ದೇ ನಿಮ್ಮ ಕೈ, ಅಳಿಸಿದ್ದು ನನ್ನದು. ಫೋನ್ ಮುಟ್ಟದ ನೀವು ಇದನ್ನು ಓದುವುದಿಲ್ಲ, ಆದ್ದರಿಂದ ಬರೆದರೆ ಸಾಲದು. ಸಲಗರಕ್ಕೆ ಬರುತ್ತೇನೆ. ನಾಲ್ಕು ಮಂದಿಯ ಮುಂದೆ ನಕ್ಕವನು ನಾಲ್ಕು ಮಂದಿಯ ಮುಂದೆಯೇ ಹೇಳುತ್ತೇನೆ. ಹಾಡು ಮಾತ್ರ ತರಲಾರೆ.

ಓದುಗರೇ, ನಿಮ್ಮ ಮನೆಯಲ್ಲಿ ಏನಾದರೂ ಕೆಟ್ಟಾಗ ಮೊದಲು ಯಾರ ಕೈ ನೋಡಿದಿರಿ? ನೀವೂ ಬರೆಯಿರಿ.