ಊಟದ ಹೊತ್ತಲ್ಲಿ ಅಳತೆ ತಗೊಳಲ್ಲ

ಇವತ್ತು ಏನಾಯ್ತು ಕೇಳ್ರಪ್ಪ. ಮುಳಬಾಗಿಲಲ್ಲಿ ನನ್ನದೊಂದು ಟೈಲರಿಂಗ್ ಅಂಗಡಿ. ಮಧ್ಯಾಹ್ನ ಶಟರ್ ಅರ್ಧ ಇಳಿಸಿ ಊಟಕ್ಕೆ ಕೂತಿದ್ದೆ. ಮಗಳ ಮದುವೆಗೆ ಅಂತ ಹತ್ತಾರು ಬ್ಲೌಸ್ ಹೊಲಿಸೋಕೆ ಬಂದ ಅಕ್ಕ ಒಬ್ಬರು ಬಗ್ಗಿ ನೋಡಿ, "ಊಟ ಆಮೇಲೆ ಮಾಡಮ್ಮ, ಮೊದಲು ಅಳತೆ ತಗೋ" ಅಂದ್ರು.

ಹೋದ ತಿಂಗಳು ಹೀಗೇ ಊಟ ಬಿಟ್ಟು ಹೊಲಿತಾ ತಲೆಸುತ್ತಿ ಮಿಷಿನ್ ಮೇಲೇ ಬಿದ್ದವಳು ನಾನು. "ಶುಗರ್ ಇದೆ ಅಕ್ಕ, ಉಂಡು ಬರ್ತೀನಿ, ಕೂತ್ಕೊಳ್ಳಿ" ಅಂದೆ.

"ಊರಲ್ಲಿ ಬೇರೆ ಟೈಲರ್ ಇಲ್ವಾ?" ಅಂತ ಹೊರಟೇಬಿಟ್ರು.

ದೊಡ್ಡ ಆರ್ಡರ್. ಕೈತಪ್ಪಿ ಹೋಯ್ತು. ಆದ್ರೂ ಹಿಂದೆ ಓಡಲಿಲ್ಲ, ಮುದ್ದೆ ಪೂರ್ತಿ ಉಂಡೆ. ನನ್ನ ಮೇಲೆ ನನಗೇ ಹೆಮ್ಮೆ ಆಯ್ತು.

ಕೈ ತೊಳೆಯೋ ಹೊತ್ತಿಗೆ ಆ ಅಕ್ಕ ವಾಪಸ್. ಪಕ್ಕದ ಬೀದಿ ಟೈಲರಮ್ಮನೂ ಊಟಕ್ಕೆ ಹೋಗಿದ್ರಂತೆ! ಆ ಟೈಲರಮ್ಮ ನೂರು ವರ್ಷ ಚೆನ್ನಾಗಿರಲಿ.