ಬೀಗರೂಟದಲ್ಲಿ ಖಾಲಿ ಎಲೆ

ಕೆಂಪರಾಜನ ತೂಕ ತೊಂಬತ್ತೆರಡು ಕೆಜಿ. ಅಷ್ಟೇ ತೂಕದ ಸೇಡು ಹುಟ್ಟಿದ್ದು ತಂಗಿ ಸಿಂಚನಳ ನಿಶ್ಚಿತಾರ್ಥದ ಊಟದಲ್ಲಿ. ಗಂಡಿನ ಚಿಕ್ಕಪ್ಪ ಭೀಮರಾಜ್ ಸಾರಿನ ಬಕೆಟ್ ಹಿಡಿದು ಬಂದವನು, ಪಂಕ್ತಿಗೆಲ್ಲ ಕೇಳಿಸುವಂತೆ, "ಹೆಣ್ಣಿನ ಅಣ್ಣನಿಗೆ ಬೀಗರೂಟದಲ್ಲಿ ಬೇರೆ ಹಂಡೆನೇ ಇಡಿಸ್ತೀವಿ ಬಿಡ್ರಪ್ಪಾ," ಅಂದ. ಎಲ್ಲರೂ ನಕ್ಕರು. ಕೆಂಪರಾಜನೂ ನಕ್ಕ, ನಗುವಾಗ ಹೊಟ್ಟೆ ಕುಲುಕಿದ್ದು ಮೊದಲು ಕಂಡಿದ್ದು ಅವನಿಗೇ.

ಮದುವೆ ಮುಗಿದ ಮೇಲೆ ಗಂಡಿನ ಕಡೆಯವರು ಮಾಂಸದೂಟ ಹಾಕುವ ಬೀಗರೂಟಕ್ಕೆ ಇಪ್ಪತ್ತೈದು ದಿನವಿತ್ತು. ಬೀಗರು ಬಡಿಸಿದ ಬಾಡನ್ನು ಬೇಡ ಅಂದರೆ ಅವರ ಮರ್ಯಾದೆ ತೆಗೆದ ಹಾಗೆ. ಸಣ್ಣಗಾಗಿ ಹೋಗಬೇಕು, ಎಲೆ ಮುಂದೆ ಕೂರಬೇಕು, ಭೀಮರಾಜನೇ ಬಡಿಸಲು ಬಂದಾಗ ಬೇಡ ಅನ್ನಬೇಕು.

ಅಂದಿನಿಂದ ದಿನಕ್ಕೆ ಎರಡು ಸೌತೆಕಾಯಿ, ನಿಂಬೆರಸದ ಬಿಸಿನೀರು. ಎರಡನೇ ವಾರಕ್ಕೆ, ಪಿಲ್ಲಗುಂಪೆಯ ಫ್ಯಾಕ್ಟರಿಯಲ್ಲಿ ಡಬ್ಬ ಎತ್ತುವಾಗ ಕಣ್ಣು ಕತ್ತಲಿಟ್ಟಿತು. ಎದೆ ಎರಡು ಬಡಿತ ಬಡಿದು ಒಂದನ್ನು ನುಂಗುತ್ತಿತ್ತು.

"ಬಾಳೆಹಣ್ಣಾದ್ರೂ ತಿನ್ನು ಗುರು," ಅಂದ ಜೊತೆಗೆ ಕೆಲಸ ಮಾಡುವ ಸುನಿಲ್‌ಕುಮಾರ್.

"ಇದು ಸಿಟ್ಟು ಕಣೋ. ಒಳಗೆ ಕುದೀತೈತೆ."

"ಖಾಲಿ ಕುಕ್ಕರ್ ಕುದಿಯಲ್ಲ ಕಣ್ಲಾ, ಸೀದೋಗುತ್ತೆ."

ಬೀಗರೂಟದ ದಿನ ದೊಡ್ಡಬೆಳವಂಗಲದ ಶಾಮಿಯಾನದಲ್ಲಿ, ಹನ್ನೊಂದು ಕೆಜಿ ಕಳೆದುಕೊಂಡ ಕೆಂಪರಾಜ ಜೀವನದಲ್ಲಿ ಮೊದಲ ಸಲ ಶರ್ಟನ್ನು ಪ್ಯಾಂಟಿನೊಳಗೆ ಸೇರಿಸಿ ಕೂತಿದ್ದ. ಭೀಮರಾಜ್ ಸೌಟು ಬಗ್ಗಿಸಿದ. "ತಗೊಳಪ್ಪಾ, ನಲ್ಲಿಮೂಳೆ ನಿನಗೇ ಅಂತ ಎತ್ತಿಟ್ಟಿದ್ದೆ."

"ಬೇಡ ಮಾವ. ಆ ಬೇರೆ ಹಂಡೆಗೇ ಹಾಕ್ಬಿಡಿ."

ಪಂಕ್ತಿಯವರೆಲ್ಲ ಇತ್ತ ತಿರುಗಿದರು. ಭೀಮರಾಜನ ಮುಖ ಕಪ್ಪಿಟ್ಟಿತು. ಕೆಂಪರಾಜ ಖಾಲಿ ಎಲೆ ಬಿಟ್ಟು ಎದ್ದ, ನಾಲ್ಕು ಹೆಜ್ಜೆ ಗೆದ್ದವನ ಹಾಗೆ ನಡೆದ, ಐದನೆಯದಕ್ಕೆ ನೆಲಕ್ಕೆ ಬಿದ್ದ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಇಸಿಜಿ ನೋಡಿ ಹೇಳಿದರು: "ಪೊಟ್ಯಾಸಿಯಂ ಕುಸಿದು ಹೃದಯದ ಲಯ ತಪ್ಪಿದೆ. ಹೀಗೆ ಉಪವಾಸ ಬಿದ್ದರೆ ಕೊಬ್ಬಿನ ಜೊತೆ ಹೃದಯದ ಮಾಂಸವೂ ಕರಗುತ್ತೆ. ತೂಕ ಇಳಿಸಿ, ಆದರೆ ತಿಂದುಕೊಂಡು, ನಿಧಾನವಾಗಿ." ಭೀಮರಾಜನಿಗೆ ಎಸೆಯಲು ಹೊರಟಿದ್ದ ಕಲ್ಲನ್ನು ತನ್ನ ಎದೆಗೇ ಹೊಡೆದುಕೊಂಡಿದ್ದು ಕೆಂಪರಾಜನಿಗೆ ಆಗ ಹೊಳೆಯಿತು.

ನಾಲ್ಕನೇ ದಿನ ಭೀಮರಾಜ್ ಎರಡು ಬಸ್ ಬದಲಾಯಿಸಿ ಆಸ್ಪತ್ರೆಗೆ, ಡಾಕ್ಟರು ಹೇಳಿದ ರಾಗಿಗಂಜಿ ತಂದ. "ತಮಾಷೆಗೆ ಅಂದಿದ್ದು ಕಣಪ್ಪಾ. ತಪ್ಪಾಯ್ತು. ಅವತ್ತು ಕಾರಿಗೆ ನಾನೇ ಎತ್ಕೊಂಡು ಹೋಗಿದ್ದು. ಹೂವಿನಂಗಿದ್ದೆ."

ಇಪ್ಪತ್ತೈದು ದಿನ ಉಪವಾಸ ಬಿದ್ದು ಕಾದಿದ್ದ ಮಾತು. ಕೆಂಪರಾಜ ಗಂಜಿಯನ್ನು ತಳ ಕಾಣುವವರೆಗೆ, ನಿಧಾನವಾಗಿ ಕುಡಿದ.

"ಉಪ್ಪು ಕಮ್ಮಿ ಮಾವ. ನಾಳೆ ಮಧ್ಯಾಹ್ನ ಸರಿಯಾಗಿ ಮಾಡಿಸ್ಕೊಂಡು ಬನ್ನಿ."

"ಖಂಡಿತ ತರ್ತೀನಿ," ಅಂದ ಭೀಮರಾಜ್.

ಮರುದಿನ ಬೆಳಿಗ್ಗೆ ಎಂಟಕ್ಕೇ ಆಸ್ಪತ್ರೆಯಿಂದ ತನ್ನನ್ನು ಮನೆಗೆ ಕಳಿಸುತ್ತಾರೆ ಅನ್ನೋದನ್ನು ಕೆಂಪರಾಜ ಹೇಳಲಿಲ್ಲ.